ಪಿಳ್ಳಪ್ಪ ಭಾವನ ಇಪ್ಪತ್ತೈದು ಡಿಗ್ರಿ

"ಸ್ವಿಚ್ ಒತ್ತಿದ್ರೆ ಸಾಕು, ಮುನಿಲಕ್ಷ್ಮಿ! ಹೊರಗೆ ಬೆಂಕಿ ಸುರಿದ್ರೂ ಒಳಗೆ ಇಪ್ಪತ್ತೈದೇ ಡಿಗ್ರಿ!" ಎಂದು ಪಿಳ್ಳಪ್ಪ ಭಾವ ತಾವೇ ಜೋಡಿಸಿದ ತಂಪು ಯಂತ್ರದ ಪಕ್ಕ ನಿಂತು ಘೋಷಿಸಿದರು, ಬಸ್‌ಸ್ಟ್ಯಾಂಡ್ ಮೈಕಿನ ಹಾಗೆ ಮೂಗಿನಲ್ಲಿ.

ಭಾವ ಅಂದರೆ ಅಕ್ಕನ ಗಂಡ. ಅದಕ್ಕೇ ಇನ್ನೂ ಬದುಕಿದ್ದಾರೆ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆಯ ಬಿತ್ತನೆ ಮೊಟ್ಟೆ ತಯಾರಿಸುವವಳು. ಇಪ್ಪತ್ತೈದರ ತಂಪಿದ್ದರೆ ಒಂದು ಹೆಣ್ಣು ಚಿಟ್ಟೆ ಕಾಗದದ ಮೇಲೆ ನಾನೂರು ಮೊಟ್ಟೆ ಇಡುತ್ತದೆ. ಸೆಕೆ ಏರಿತೋ, ಇಡುವುದು ಅರ್ಧ, ಇಟ್ಟದ್ದೂ ಜೊಳ್ಳು! ಮೂವತ್ತು ಮನೆಯವರು ಹಿಪ್ಪುನೇರಳೆ ಸೊಪ್ಪು ಬೆಳೆಸಿಕೊಂಡು ನನ್ನ ಮಾತು ನಂಬಿ ಕೂತಿದ್ದರು. ನಾಳೆಯೇ ಮೊಟ್ಟೆ ಕೊಡಬೇಕು.

ಯಂತ್ರ ಗುಂಯ್ ಎಂದಿತು. ಹತ್ತೇ ನಿಮಿಷಕ್ಕೆ ಚಿಟ್ಟೆ ಕೋಣೆ ಕಾದ ಹೆಂಚಾಯಿತು!

"ಭಾವಾ, ಗೋಡೆ ಮೀಟರು ಮೂವತ್ತಾರು ತೋರಿಸ್ತಿದೆ!"

"ಗೋಡೆ ಮೀಟರು ಸುಳ್ಳು ಕಣಮ್ಮಾ! ನನಗೇ ಚಳಿ ಆಗ್ತಿದೆ, ನೋಡು!"

ನಿಜಕ್ಕೂ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಮೀಸೆಯಲ್ಲಿ ಇಬ್ಬನಿ! ಅಕ್ಕ ಓಡಿಬಂದು ಕಂಬಳಿ ಹೊದಿಸಿದಳು. ಯಂತ್ರ ಇನ್ನೂ ಜೋರಾಗಿ ಗುಂಯ್‌ಗುಟ್ಟಿತು.

ಆಗ ಕಂಡಿತು ನನಗೆ. ಯಂತ್ರದ ಶಾಖ ಅಳೆಯುವ ಕಡ್ಡಿಯನ್ನು ಚಿಟ್ಟೆ ತಟ್ಟೆಗೆ ಸಿಕ್ಕಿಸುವ ಬದಲು ಪೆನ್ನಿನಂತೆ ತಮ್ಮ ಜೇಬಿಗೇ ಸಿಕ್ಕಿಸಿಕೊಂಡಿದ್ದಾರೆ, ಮಹಾನುಭಾವರು! ಯಂತ್ರ ಅವರನ್ನೇ ಕೋಣೆ ಎಂದುಕೊಂಡು, ಅವರ ಮೈಶಾಖ ಹೀರಿ ನನ್ನ ಚಿಟ್ಟೆಗಳ ಮೇಲೆ ಸುರಿಯುತ್ತಿತ್ತು!

"ಆರಿಸ್ರೀ ಅದನ್ನ!"

"ಆರಿಸೋ ಸ್ವಿಚ್ಚು... ಮುಂದಿನ ಮಾಡಲ್‌ಗೆ... ಇಟ್ಕೊಂಡಿದ್ದೀನಿ!"

ಅಷ್ಟರಲ್ಲಿ ಚಿಟ್ಟೆಗಳು ತಟ್ಟೆ ಬಿಟ್ಟವು. ಹಾರಲು ಬಾರದ ನನ್ನ ಹೆಣ್ಣುಗಳು ರೆಕ್ಕೆ ಪಟಪಟಿಸುತ್ತಾ, ತೆವಳುತ್ತಾ ತಂಪು ಹುಡುಕಿಕೊಂಡು ಹೊರಟವು. ಇಡೀ ಊರಿನಲ್ಲಿ ಇಪ್ಪತ್ತೈದು ಡಿಗ್ರಿ ಇದ್ದದ್ದು ಒಂದೇ ಕಡೆ. ಪಂಚೆ ಹತ್ತಿದವು, ಅಂಗಿ ಹತ್ತಿದವು, ಕಾಲರ್ ಮುಟ್ಟಿದವು, ಮೊಟ್ಟೆ ಇಡತೊಡಗಿದವು!

ನಾನು ಕಂಬಳಿ ಕಿತ್ತೆಸೆದೆ. "ಅಲ್ಲಾಡಿದ್ರೆ ನೋಡಿ ಮತ್ತೆ!"

"ಕಚಗುಳಿ ಆಗ್ತಿದೆ ಕಣಮ್ಮಾ!"

"ಮೂವತ್ತು ಮನೆ ಕಣ್ರೀ! ಗೋಡೆ ಥರ ನಿಂತ್ಕೊಳ್ಳಿ!"

"ಅವಳು ಹೇಳಿದ್ದು ಕೇಳ್ರೀ," ಎಂದಳು ಅಕ್ಕ. "ಮದುವೆಯಾದಾಗಿಂದ ಇವತ್ತೇ ನೀವು ಉಪಯೋಗಕ್ಕೆ ಬಂದಿರೋದು."

ಮರುದಿನ ಮೂವತ್ತು ಮನೆಯವರೂ ಬಂದರು. ಮೊಟ್ಟೆಯ ಕಾಗದವನ್ನು ಕತ್ತರಿಸಿ ಹಂಚುವುದು ನಮ್ಮ ವಾಡಿಕೆ. ಕತ್ತರಿ ತೆಗೆದೆ. ಅಂಗಿಯ ಬೆನ್ನು ಹತ್ತು ಮನೆಗೆ, ತೋಳುಗಳು ನಾಲ್ಕಕ್ಕೆ, ಪಂಚೆ ಹದಿನೈದಕ್ಕೆ ಸಾಲಿತು.

ಮೂವತ್ತನೆಯವರು ಭಾವನ ಬನಿಯನ್ನನ್ನೇ ನೋಡುತ್ತಾ ಕೂತಿದ್ದಾರೆ.