ಆರು ಮಂದಿ ಓ ನೆಗೆಟಿವ್

"ಅತ್ತೆಗೆ ರಕ್ತ ಕೊಡೋದು ನಾನೇ! ಬೇರೆ ಯಾರೂ ತೋಳು ಚಾಚಬೇಕಾಗಿಲ್ಲ!"

ಕೊಡೆ ಕಾರ್ಖಾನೆಯಲ್ಲಿ ನೌಕರರ ಗುರುತಿನ ಕಾರ್ಡು ಮಾಡುವ ಗುಮಾಸ್ತರು ಊಟ ಬಿಟ್ಟೆದ್ದು ಘೋಷಿಸಿದರು. ಅತ್ತೆಯ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ನಾಳಿದ್ದು, ರಕ್ತ ಮಾತ್ರ ನಾಳೆ ಮಧ್ಯಾಹ್ನದೊಳಗೆ ಸೇರಬೇಕು. ಅತ್ತೆಯದು ಓ ನೆಗೆಟಿವ್. ಅದೇ ಗುಂಪಿನದಲ್ಲದೆ ಬೇರೆ ರಕ್ತ ಆಗದು, ದಾನಿ ಸಿಗದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂದಿದ್ದರು ಡಾಕ್ಟರು. ನೋವಿನಿಂದ ನರಳುತ್ತಿದ್ದ ಮುದುಕಿಗೆ ಒಂದು ದಿನ ತಳ್ಳುವುದೇ ಕಷ್ಟವಾಗಿತ್ತು. ಹೆಂಡತಿಗೆ ರಕ್ತಹೀನತೆ, ಅವಳಿಂದ ತೆಗೆಯುವ ಹಾಗಿಲ್ಲ. ಗುಮಾಸ್ತರ ಕೊರಳ ಕಾರ್ಡಿನಲ್ಲಿ ಮಾತ್ರ ಹದಿನೈದು ವರ್ಷದಿಂದ 'ಓ ನೆಗೆಟಿವ್' ಎಂದೇ ರಾರಾಜಿಸುತ್ತಿತ್ತು.

"ಭಾವ, ನಾನೂ ಬರ್ಲಾ?" ಎಂದ ಭಾಮೈದ.

"ನೀನಾ? ಹತ್ತು ಗಂಟೆಗೆ ಏಳೋನು! ನಿನ್ನ ರಕ್ತಕ್ಕೆ ಎಚ್ಚರ ಆಗೋಷ್ಟರಲ್ಲಿ ಆಪರೇಷನ್ನೇ ಮುಗಿದಿರುತ್ತೆ!"

ಬೆಳಿಗ್ಗೆ ರಕ್ತನಿಧಿಯ ಹೆಂಗಸು ಗುಮಾಸ್ತರ ಬೆರಳು ಚುಚ್ಚಿ, ಗಾಜಿನ ಮೇಲೆ ಮೂರು ಹನಿ ಇಟ್ಟು, ಏನೇನೋ ಬೆರೆಸಿ ನೋಡಿದಳು.

"ನಿಮ್ಮದು ಎಬಿ ಪಾಸಿಟಿವ್. ನಿಮಗೆ ಯಾರ ರಕ್ತ ಬೇಕಾದ್ರೂ ಆಗುತ್ತೆ. ನಿಮ್ಮದು ಎಬಿ ಪಾಸಿಟಿವ್‌ನೋರಿಗೆ ಬಿಟ್ಟು ಯಾರಿಗೂ ಆಗಲ್ಲ."

"ಸಾಧ್ಯಾನೇ ಇಲ್ಲ! ಕಾರ್ಡು ನೋಡಿ!"

"ಕಾರ್ಡು ಮಾಡಿದ್ದು ಯಾರು?"

"ನಾನೇ!" ಎಂದವರು ನಾಲಿಗೆ ಕಚ್ಚಿಕೊಂಡರು.

ರಕ್ತದ ಗುಂಪಿನ ಜಾಗ ಖಾಲಿ ಬಿಟ್ಟರೆ ಕಾರ್ಖಾನೆಯ ಕಂಪ್ಯೂಟರು ಮುಂದೆ ಹೋಗುತ್ತಿರಲಿಲ್ಲ. ಮೊದಲ ಕಾರ್ಡು ಅವರದೇ. ಅಪರೂಪದ ಗುಂಪು ತಮ್ಮ ಘನತೆಗೆ ಒಪ್ಪುತ್ತದೆಂದು ಓ ನೆಗೆಟಿವ್ ಒತ್ತಿದ್ದರು. ಬರಬರುತ್ತಾ ತಾವೇ ಅದನ್ನು ನಂಬಿಬಿಟ್ಟಿದ್ದರು.

"ರೀ, ಅಮ್ಮನ ಗತಿ ಏನು ಈಗ?" ಹೆಂಡತಿಯ ಕಣ್ಣು ತುಂಬಿತು. ಗುಮಾಸ್ತರು ಕೊರಳ ಕಾರ್ಡನ್ನು ಅಂಗಿಯೊಳಗೆ ತುರುಕಿಕೊಂಡರು. ಆದರೂ ಬಿಗುಮಾನ ಬಿಡಲಿಲ್ಲ.

"ಹೆದರ್ಬೇಡ! ಕಾರ್ಖಾನೇಲಿ ಆರು ಜನ ಓ ನೆಗೆಟಿವ್ ಇದಾರೆ. ಪಟ್ಟಿ ನನ್ನ ಹತ್ರಾನೇ ಇದೆ!"

ಅರ್ಧ ಗಂಟೆಯಲ್ಲಿ ಕಾರ್ಖಾನೆಯ ವ್ಯಾನಿನಿಂದ ಆರು ವೀರರು ಇಳಿದರು. ಆರು ಬೆರಳು, ಹದಿನೆಂಟು ಹನಿ. ಮೂವರು ಬಿ, ಇಬ್ಬರು ಎ, ಕಾವಲುಗಾರನೊಬ್ಬ ಓ. ಅದೂ ಪಾಸಿಟಿವ್!

"ಕಾರ್ಡಿನ ಫಾರಮ್ಮಲ್ಲಿ ಏನಂತ ಬರೆದಿದ್ರಯ್ಯಾ ನೀವು?" ಎಂದು ರೇಗಿದರು ಗುಮಾಸ್ತರು.

"ಏನೂ ಬರೆದಿಲ್ಲ, ಖಾಲಿ ಬಿಟ್ಟಿದ್ವಿ!" ಎಂದು ಆರು ಮಂದಿಯಲ್ಲೊಬ್ಬನಾದ ಫೋರ್‌ಮನ್ ಗುಡುಗಿದ. "ತುಂಬಿದ್ದು ಯಾರು?"

ತುಂಬಿದ್ದು ಗುಮಾಸ್ತರೇ, ಮುಖ ನೋಡಿ. ಸಿಡುಕರಿಗೆ ಬಿ, ಸಾಧುಗಳಿಗೆ ಎ, ತಮಗೆ ಬೇಕಾದವರಿಗೆ ಪ್ರೀತಿಯಿಂದ ಓ ನೆಗೆಟಿವ್. ಬೇಕಾದ ಆರೂ ಮಂದಿ ಹಲ್ಲು ಕಡಿಯುತ್ತಾ ವ್ಯಾನು ಹತ್ತಿದರು.

ಗಂಟೆ ಹನ್ನೊಂದೂವರೆಯಾಗಿತ್ತು. ಹೆಂಡತಿ ಗಂಡನನ್ನು ಕೇಳದೆಯೇ ತಮ್ಮನಿಗೆ ಫೋನು ಮಾಡಿದಳು. ಕೆದರಿದ ಕೂದಲಲ್ಲೇ ಓಡಿಬಂದ ಭಾಮೈದ ಬೆರಳು ಚಾಚಿದ. ಅಸಲಿ ಓ ನೆಗೆಟಿವ್! ಅವನು ಮಂಚದ ಮೇಲೆ ಮಲಗಿ ಆಕಳಿಸುತ್ತಾ ರಕ್ತ ಕೊಟ್ಟೆದ್ದ. ಗುಮಾಸ್ತರು ಅವನಿಗೆ ಹಣ್ಣಿನ ರಸ ಹಿಡಿದು ನಿಂತಿದ್ದರು.

ಆಪರೇಷನ್ ಸಲೀಸಾಗಿ ಮುಗಿಯಿತು. ನಾಲ್ಕನೆಯ ದಿನ ಅತ್ತೆ ದಿಂಬಿಗೊರಗಿ ಕೂತರು. ಗುಮಾಸ್ತರು ಕಾಲ ಬಳಿ ಮುದುಡಿ ನಿಂತಿದ್ದರು. ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು.

"ತಪ್ಪಾಯ್ತು ಅತ್ತೆ. ನನ್ನ ರಕ್ತ ನಿಮ್ಮ ಉಪಯೋಗಕ್ಕೆ ಬರ್ಲಿಲ್ಲ."

"ಅದಕ್ಯಾಕೆ ಸಪ್ಪಗಾಗ್ತೀರಿ ಅಳಿಯಂದ್ರೇ? ನರ್ಸು ಎಲ್ಲಾ ಹೇಳಿದ್ಳು. ನಾಳೆ ನಿಮಗೇನಾದ್ರೂ ಆದ್ರೆ ನನ್ನ ಮಗ ಇದಾನೆ, ಕೊಡ್ತಾನೆ. ಆ ಕಾರ್ಖಾನೆಯೋರನ್ನ ಮಾತ್ರ ಕರೀಬೇಡಿ. ಅವರು ರಕ್ತ ಕೊಡೋಕಲ್ಲ, ತೆಗೆಯೋಕೆ ಬರ್ತಾರೆ!"