ಗೋಡೆಗೆ ಹೆಸರು ಹೇಳುವ ಅತ್ತೆ

ನಮ್ಮ ಸೋದರತ್ತೆ ಮನುಷ್ಯರ ಮಾತು ನಂಬುವವಳಲ್ಲ; ಏನಿದ್ದರೂ ಗೋಡೆ ಹೇಳಬೇಕು! ನ್ಯಾಮತಿಯ ಅವಳ ಮನೆಯ ಹಿಂದಿನ ಕೋಣೆಯ ಮಣ್ಣಿನ ಗೋಡೆಯೊಳಗೆ ತುಡುವೆ ಜೇನು ಗೂಡು ಕಟ್ಟಿತ್ತು. ಹೊರಗೆ ಕಾಣುತ್ತಿದ್ದದ್ದು ಹೆಬ್ಬೆರಳಿನಷ್ಟು ದಪ್ಪದ ತೂತು ಮಾತ್ರ. ಆ ಕೋಣೆಯಲ್ಲಿ ಕೂತರೆ ಗೋಡೆಯೇ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ತನ್ನ ಮಂಚವನ್ನು ಆ ಗೋಡೆಗೇ ತಾಗಿಸಿಕೊಂಡಿದ್ದಳು.

ಸುಟ್ಟ ಗಾಯ ಅಂತ ಬಂದವರಿಗೆ ಅವಳು ಮೊದಲು ತಣ್ಣೀರು ಸುರಿಯುತ್ತಿದ್ದಳು, ಆಮೇಲೆ ಲೋಳೆಸರದ ತಿರುಳು, ಕೊನೆಗೆ ಜೇನು ಸವರಿದ ಬಟ್ಟೆ. ಇಷ್ಟೇ ಆಗಿದ್ದರೆ ನಾನು ಯಾಕೆ ಬರೆಯುತ್ತಿದ್ದೆ? ಜೇನು ಮುಟ್ಟುವ ಮುಂಚೆ ತೂತಿಗೆ ಬಾಯಿಟ್ಟು, ಬಂದವರ ಹೆಸರನ್ನೂ ಸುಟ್ಟ ಜಾಗವನ್ನೂ ಒಳಗಿನವರಿಗೆ ತಿಳಿಸಬೇಕು. ಗುಂಯ್‌ಗುಡುವುದು ನಡೆದೇ ಇದ್ದರೆ ಒಪ್ಪಿಗೆ. ನಿಂತರೆ? ಅದುವರೆಗೆ ನಿಂತಿರಲಿಲ್ಲ.

ಒಮ್ಮೆ ಹೊನ್ನಾಳಿ ಬಸ್ಸಿನ ಕಂಡಕ್ಟರು ಕುಂಟುತ್ತಾ ಬಂದರು.

"ಹೆಸರು ಹೇಳ್ರಿ," ಅಂದಳು ಅತ್ತೆ.

"ಯಾಕ್ರೀ ಅಮ್ಮಾ, ಟಿಕೆಟ್ ಹರೀತೀರಾ?"

ಅತ್ತೆ ಗೋಡೆಗೆ ಬಾಗಿ, ಕಂಡಕ್ಟರು ತೊಡೆ ಮೇಲೆ ಚಾ ಚೆಲ್ಲಿಕೊಂಡ ಸಮಾಚಾರವನ್ನು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಒಳಗಿನ ಸದ್ದು ಜೋರಾಯಿತು.

"ನಗ್ತಾವೇನ್ರೀ?" ಕಂಡಕ್ಟರ ಮುಖ ಬಿಳುಚಿತು. "ಇವಕ್ಕೆ ಹೇಳಿದ್ದಾತು, ಡ್ರೈವರಿಗೆ ಹೇಳ್ಬ್ಯಾಡ್ರಿ."

ಬಂದವರನ್ನೆಲ್ಲ ನಾನು ತಾರೀಖು ಹಾಕಿ ಡೈರಿಗೆ ಸೇರಿಸುತ್ತಿದ್ದೆ. "ಮಾಯ್ದಿದ್ದನ್ನ ಯಾಕೆ ಬರೆದಿಡ್ತೀಯೇ?" ಅಂತ ಅತ್ತೆ ಗೊಣಗುತ್ತಿದ್ದಳು. ಆ ಬರೆಯುವ ಕೈಗೇ ಸರದಿ ಬಂತು. ಪಕ್ಕದ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ನನ್ನ ಬಲಗೈ ಮೇಲೆ ಬಿದ್ದು ಅಂಟಿಕೊಂಡಿತು. ಅತ್ತೆ ನೀರು ಸುರಿದಳು.

"ಉರೀತೈತಾ?"

"ಇಲ್ಲತ್ತೆ. ನೋವೇ ಇಲ್ಲ," ಎಂದೆ ಖುಷಿಯಲ್ಲಿ.

ಅವಳು ನಗಲಿಲ್ಲ. ತೂತಿಗೆ ಬಾಯಿಟ್ಟು ನನ್ನ ಹೆಸರು ಹೇಳಿದಳು. ಗೋಡೆಯೊಳಗಿನ ಸದ್ದು ನಿಂತಿತು. ಹೊರಗೆ ಹಗಲು ಬೆಳಗಿತ್ತು, ರಸ್ತೆಯಲ್ಲಿ ಗಾಡಿಗಳು ಓಡುತ್ತಿದ್ದವು. ಆದರೆ ಆ ಕೋಣೆಯಲ್ಲಿ ಯಾರೋ ಉಸಿರು ಬಿಗಿಹಿಡಿದಂತಿತ್ತು.

"ಇದಕ್ಕೆ ನನ್ನ ಜೇನಲ್ಲ. ಆಟೋ ಕರೀರಿ!"

ಶಿವಮೊಗ್ಗದ ಡಾಕ್ಟರು, ಸುಟ್ಟದ್ದು ಆಳಕ್ಕೆ ಇಳಿದಿದೆ, ಅದಕ್ಕೇ ನೋವಿಲ್ಲ ಅಂದರು. ಬೆರಳು ಮಡಚಲು ಬರುತ್ತದೋ ಇಲ್ಲವೋ ಹೇಳಲಾರೆ ಅಂತಲೂ ಅಂದರು. ಬೇರೆ ಕಡೆಯ ಚರ್ಮ ತೆಗೆದು ಕೂರಿಸಿದರು. ಆ ದಿನಗಳ ಡೈರಿ ಖಾಲಿ ಉಳಿಯಿತು.

ಮರಳಿ ಬಂದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ. ತೂತಿಗೆ ಕಿವಿ ಇಟ್ಟೆ. ತಣ್ಣಗಿತ್ತು.

"ಜೇನೆಲ್ಲಿ ಅತ್ತೆ?"

"ಕಳಿಸ್ಬಿಟ್ಟೆ," ಅಂದಳು, ಮಂಚದ ಚಾದರ ನೇರ ಮಾಡುತ್ತಾ. "ನೀನು ಹೋದ ದಿನ ಕೇಳ್ಕಂಡೆ. ಏನಾದ್ರೂ ತಗಂಡೇ ಹೋಗಬೇಕಂದ್ರೆ ನನಗಿರೋ ಜತೆ ನೀವೇ, ಅದನ್ನ ತಗಂಡು ಹೋಗ್ರಿ, ಹುಡುಗಿ ಕೈ ಉಳಿಸ್ರಿ ಅಂದೆ. ಬೆಳಗಾದ್ರೆ ಒಂದೂ ಇರ್ಲಿಲ್ಲ."

ಬೆರಳುಗಳನ್ನು ಮೆಲ್ಲಗೆ ಮಡಚಿದೆ. ಮಡಚಿದವು. ನಾನು ಗೋಡೆಗೆ ಬಾಗಿ, ತೂತಿಗೆ ಬಾಯಿಟ್ಟು, ಕೈ ಬಂತು ಎಂದು ಪಿಸುಗುಟ್ಟಿದೆ.

ಅತ್ತೆ ಹಿಂದಿನಿಂದ ನನ್ನ ತಲೆ ಸವರಿದಳು.

"ಜೋರಾಗಿ ಹೇಳೇ. ದೂರ ಹೋಗ್ಯಾವೆ."