ಏಳೂವರೆಯ ಧಾರಾವಾಹಿಯನ್ನು ಮುಂಚಿತವಾಗಿ ನೋಡಿದವರ ಮುಖಭಾವ ಕುರಿತು

ಸಂಜೆ ವೇಳೆ ಮತ್ತು ಟಿವಿ ವ್ಯವಹಾರಗಳ ಇಲಾಖೆ
ಪಡಸಾಲೆ ಶಾಖೆ, ಎಲೆಗಾರರ ಓಣಿ, ಸವಣೂರು

ಸಂಖ್ಯೆ: ಸಂಟಿವ್ಯ/ಪಡಸಾಲೆ/ಕೇಬಲ್-ಕಡ್ಡಿ/೦೭

ಸುತ್ತೋಲೆ

ವಿಷಯ: ಮನೆಯ ಟಿವಿಯನ್ನು ಕೇಬಲ್ಲಿನಿಂದ ಇಂಟರ್ನೆಟ್ಟಿಗೆ ಬದಲಾಯಿಸಬೇಕೇ ಬೇಡವೇ ಎಂಬ ಬಗ್ಗೆ, ಹಾಗೂ ಎದುರು ಮನೆಯ ಶ್ರೀಮತಿ ಹಮೀದುನ್ನೀಸಾ ಅವರು ಸಂಜೆ ಬರುವುದನ್ನು ನಿಲ್ಲಿಸಿರುವ ಬಗ್ಗೆ.

ಉಲ್ಲೇಖ:
೧. ಶ್ರೀ ರುದ್ರೇಶ ಅವರು ಊಟದ ವೇಳೆ ಮಂಡಿಸಿದ ಮೌಖಿಕ ಪ್ರಸ್ತಾವ.
೨. ಸದರಿ ಪ್ರಸ್ತಾವಕ್ಕೆ ಅವರ ತಾಯಿ ಶ್ರೀಮತಿ ಹೊನ್ನವ್ವ ಅವರು ರೊಟ್ಟಿ ಬಡಿಯುವ ಸದ್ದನ್ನು ಹೆಚ್ಚಿಸುವ ಮೂಲಕ ನೀಡಿದ ಉತ್ತರ.
೩. ಕೇಬಲ್ ದಾದಾಪೀರ ಅವರು ಕಂಬದ ಮೇಲಿನಿಂದಲೇ ಸಲ್ಲಿಸಿದ ಮನವಿ.

ಪ್ರಸ್ತಾವನೆ:

ಶ್ರೀಮತಿ ಹೊನ್ನವ್ವ ಅವರ ಪಡಸಾಲೆಯಲ್ಲಿ ಒಂದು ಟಿವಿ ಇದ್ದು, ಅದಕ್ಕೆ ಶ್ರೀ ದಾದಾಪೀರ ಅವರ ಕೇಬಲ್ ಸಂಪರ್ಕವಿರುತ್ತದೆ. ಪ್ರತಿ ಸಂಜೆ ಏಳೂವರೆಗೆ ಅದರಲ್ಲಿ ಒಂದು ಧಾರಾವಾಹಿ ಬರುತ್ತದೆ. ಅದೇ ಏಳೂವರೆಗೆ ಶ್ರೀಮತಿ ಹಮೀದುನ್ನೀಸಾ ಅವರೂ ಬರುತ್ತಾರೆ. ಅವರ ಮನೆಯಲ್ಲಿ ಟಿವಿ ಇಲ್ಲವೆಂದಲ್ಲ. ಇದೆ, ಆದರೆ ಅದು ಅವರ ಮಗ ಶ್ರೀ ಮುಬಶೀರ ಅವರ ಕ್ರಿಕೆಟ್ಟಿನ ವಶದಲ್ಲಿದೆ. ಬರುವಾಗ ಅವರು ತಮ್ಮ ತೋಟದ ವೀಳ್ಯದೆಲೆಯನ್ನು ಸೆರಗಿನಲ್ಲಿ ತರುವುದು, ಹೊನ್ನವ್ವ ಅವರು ಸುಣ್ಣ ಅಡಿಕೆಯ ಡಬ್ಬಿ ತೆಗೆದಿಡುವುದು, ಮೊದಲ ಜಾಹೀರಾತಿಗೆ ಎಲೆ ಮಡಿಚುವುದು, ಎರಡನೆಯದಕ್ಕೆ ಓಣಿಯ ಸುದ್ದಿ, ಮೂರನೆಯದಕ್ಕೆ ತಮ್ಮ ತಮ್ಮ ಮೊಣಕಾಲಿನ ವಿಚಾರ, ಹೀಗೆ ಕಾರ್ಯಕಲಾಪ ನಡೆಯುತ್ತದೆ. ಧಾರಾವಾಹಿ ನಡೆಯುವಾಗ ಇಬ್ಬರೂ ಪರಸ್ಪರ ಮಾತನಾಡುವುದಿಲ್ಲ. ಮಾತೆಲ್ಲ ಜಾಹೀರಾತಿನಲ್ಲಿ. ಇಬ್ಬರ ಮನೆಗೂ ಸೊಸೆಯಂದಿರು ಬರುವ ಮೊದಲಿನಿಂದ ಈ ಪದ್ಧತಿ ಇದ್ದು, ಈ ಅವಧಿಯಲ್ಲಿ ಧಾರಾವಾಹಿಗಳು ಬದಲಾಗಿವೆ, ಏಳೂವರೆ ಬದಲಾಗಿಲ್ಲ.

ಹೀಗಿರುವಲ್ಲಿ, ಶಿಗ್ಗಾಂವಿಯ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಮಗ ರುದ್ರೇಶ ಅವರು ಬೆರಳುದ್ದದ ಒಂದು ಕಡ್ಡಿಯನ್ನು ತಂದು ಟಿವಿಯ ಬೆನ್ನಿಗೆ ಸಿಕ್ಕಿಸಿ, ಈ ಕೆಳಗಿನಂತೆ ವಿವರಣೆ ನೀಡಿರುತ್ತಾರೆ:

"ಅವ್ವ, ಇನ್ನ ಎಲ್ಲಾ ಇಂಟರ್ನೆಟ್ನ್ಯಾಗ ಬರ್ತೈತಿ. ಯಾವಾಗ ಬೇಕು ಆವಾಗ ನೋಡು. ಜಾಹೀರಾತ ಇಲ್ಲ, ಯಾರಿಗೂ ಕಾಯೂದ ಇಲ್ಲ. ಈ ತಿಂಗಳ ಪುಕ್ಕಟ. ತಿಂಗಳ ಮುಗಿಯೂದ್ರಾಗ ಕೇಬಲ್ ತಗಿಸಿಬಿಡೂಣು."

ಕಾಯುವುದು ಇಲ್ಲ ಎಂಬುದನ್ನು ಸೌಲಭ್ಯಗಳ ಪಟ್ಟಿಯಲ್ಲಿ ಹೇಳಲಾಗಿದೆ. ಅದು ಅಲ್ಲಿ ಇರತಕ್ಕದ್ದಲ್ಲ ಎಂದು ಹೊನ್ನವ್ವ ಅವರಿಗೆ ಆಗಲೇ ಅನಿಸಿತ್ತು. ಆದರೆ ಮಗ ಹುರುಪಿನಿಂದ ತಂದದ್ದಾದ್ದರಿಂದ ಅವರು ಉಲ್ಲೇಖ ೨ರಂತೆ ವ್ಯವಹರಿಸಿರುತ್ತಾರೆ.

ಘಟನೆಯ ವಿವರ:

ಸದರಿ ಕಡ್ಡಿಯಲ್ಲಿ ನಾಳೆ ಸಂಜೆಯ ಕಂತನ್ನು ಇಂದು ಮಧ್ಯಾಹ್ನವೇ ತೋರಿಸುವ ವ್ಯವಸ್ಥೆ ಇರುವುದು ಹೊನ್ನವ್ವ ಅವರ ಗಮನಕ್ಕೆ ಬಂದಿದೆ. ಮನೆಯಲ್ಲಿ ಯಾರೂ ಇಲ್ಲದ ವೇಳೆ ಅವರು ಅದನ್ನು ನೋಡಿದ್ದಾರೆ. ಮರುದಿನವೂ ನೋಡಿದ್ದಾರೆ. ಸಂಜೆ ಏನೂ ಗೊತ್ತಿಲ್ಲದವರಂತೆ ಹಮೀದುನ್ನೀಸಾ ಅವರ ಪಕ್ಕದಲ್ಲಿ ಕುಳಿತು, ಅಳುವ ಜಾಗದಲ್ಲಿ ಎರಡನೇ ಸಲ ಅತ್ತಿದ್ದಾರೆ. ಎರಡನೇ ಅಳು ಮೊದಲಿನದಕ್ಕಿಂತ ಚೆನ್ನಾಗಿ ಬಂದಿತ್ತೆಂದು ತಿಳಿದುಬಂದಿದೆ.

ಕಳೆದ ವಾರದ ಕಂತಿನಲ್ಲಿ, ಧಾರಾವಾಹಿಯ ಸೊಸೆಗೆ ಅವಳ ಚಿಕ್ಕಮ್ಮ ಒಂದು ಲೋಟ ಹಾಲು ತಂದುಕೊಡುತ್ತಾಳೆ. ಈ ಚಿಕ್ಕಮ್ಮ ಇಡೀ ಧಾರಾವಾಹಿಯಲ್ಲಿ ಒಳ್ಳೆಯವಳೆಂದು ಹೆಸರಾದ ಏಕೈಕ ಹೆಂಗಸು. ಲೋಟ ಸೊಸೆಯ ತುಟಿಯ ಹತ್ತಿರ ಹೋದಾಗ ಹೊನ್ನವ್ವ ಅವರು ತಮಗರಿವಿಲ್ಲದೆ,

"ಕುಡೀಬ್ಯಾಡವಾ, ಕುಡೀಬ್ಯಾಡ,"

ಎಂದು ಟಿವಿಗೆ ಹೇಳಿರುತ್ತಾರೆ. ಹಮೀದುನ್ನೀಸಾ ಅವರು ಮಡಿಚಲು ತೆಗೆದಿಟ್ಟ ಎಲೆಯನ್ನು ಅಲ್ಲೇ ಬಿಟ್ಟು,

"ಹೊನ್ನಕ್ಕ, ನಾಳಿಂದು ಇವತ್ತ ನೋಡೀಯಲ್ಲ ನೀ. ನನ್ನ ಬಿಟ್ಟು ನೋಡೀಯಲ್ಲ,"

ಎಂದು ಎದ್ದು ಹೋಗಿರುತ್ತಾರೆ. ಹಾಲಿನಲ್ಲಿ ಏನೋ ಬೆರೆಸಲಾಗಿತ್ತೆಂಬುದು ಮರುದಿನ ಸಂಜೆಯ ಕಂತಿನಲ್ಲಿ ಬಹಿರಂಗವಾಗಿದೆ. ಅದನ್ನು ಹೊನ್ನವ್ವ ಅವರು ಒಬ್ಬರೇ ಕುಳಿತು, ಎರಡನೇ ಅಳು ಇಲ್ಲದೆಯೇ ನೋಡಿದ್ದಾರೆ.

ಅಂದಿನಿಂದ ಹಮೀದುನ್ನೀಸಾ ಅವರು ಬಂದಿಲ್ಲ. ಹೊನ್ನವ್ವ ಅವರು ಏಳೂಕಾಲಿಗೆ ಬಾಗಿಲ ಚಿಲಕ ಸಡಿಲಾಗಿದೆಯೇ ಎಂದು ಪರೀಕ್ಷಿಸುವ ನೆವದಲ್ಲಿ ಎದುರು ಮನೆಯತ್ತ ನೋಡುವುದು, ಏಳೂವರೆಗೆ ಒಳಗೆ ಬಂದು ಡಬ್ಬಿ ತೆಗೆದಿಡುವುದು, ಎಂಟಕ್ಕೆ ಅದನ್ನು ಮುಚ್ಚಿಡುವುದು ಕಂಡುಬರುತ್ತಿದೆ. ಚಿಲಕ ಚೆನ್ನಾಗಿಯೇ ಇದೆ.

ಅಹವಾಲುಗಳು:

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರ ಅಹವಾಲುಗಳನ್ನು ಆಲಿಸಲಾಯಿತು. ಶ್ರೀ ದಾದಾಪೀರ ಅವರ ಹೇಳಿಕೆ: "ಕೇಬಲ್ ತಗಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಳಕ್ಕ ನೀರು ಯಾವಾಗ ಬಿಡ್ತಾರಂತ ನಂ ಚಾನಲ್ಲಿನ ಕೆಳಗ ಬರ್ತೈತಿ ನೋಡ್ರಿ, ಅದನ್ನ ನಿಮ್ಮ ಕಡ್ಡಿ ಹೇಳತೈತೇನು? ಅಮೆರಿಕಾದ ಸಿನಿಮಾ ತೋರಸ್ತೈತಿ, ನಮ್ಮ ಓಣಿ ನೀರ ತೋರಸಂಗಿಲ್ಲ." ಇದನ್ನು ಕೇಳಿ ರುದ್ರೇಶ ಅವರು ಒಳಗೆ ಹೋಗಿ ಕೊಡಗಳನ್ನು ಅಲುಗಾಡಿಸಿ ನೋಡಿರುತ್ತಾರೆ. ಕೊಡಗಳು ಖಾಲಿ ಇದ್ದವು.

ಹೊನ್ನವ್ವ ಅವರ ತಂಗಿ, ಅಕ್ಕಿಆಲೂರಿನ ಶ್ರೀಮತಿ ಹಾಲವ್ವ ಅವರು ಫೋನಿನಲ್ಲಿ ಪೂರ್ವನಿದರ್ಶನವೊಂದನ್ನು ಒದಗಿಸಿರುತ್ತಾರೆ: "ತಡಸದಾಗ ನಂ ಬೀಗರ ಮನ್ಯಾಗ ಕಡ್ಡಿ ಹಾಕ್ಸಿದ್ರವಾ. ಈಗ ಒಬ್ಬೊಬ್ರು ಒಂದೊಂದ ಮೂಲ್ಯಾಗ ಫೋನ್ ಹಿಡ್ಕೊಂಡು ಕುಂತಾರ. ಟಿವಿ ಮ್ಯಾಲ ಬಟ್ಟಿ ಹೊಚ್ಚಿ ಹೂವಿನ ಕುಂಡ ಇಟ್ಟಾರ. ಹೋದೋರಿಗೆ ಚಾ ಕೊಡಾಕೂ ಯಾರೂ ತಲಿ ಎತ್ತಂಗಿಲ್ಲ."

ಹೊನ್ನವ್ವ ಅವರನ್ನು ವಿಚಾರಿಸಲಾಗಿ, ಮೊದಲು ತಾವು ಏನನ್ನೂ ನೋಡಿಲ್ಲವೆಂದು, ನಂತರ ಸ್ವಲ್ಪ ನೋಡಿದ್ದಾಗಿ, ಕೊನೆಗೆ "ನೋಡೇನಿ ತಗೋರಿ, ಒಬ್ಬಾಕಿನ ಕುಂತ ನೋಡಿದ್ರ ಏನ್ ಮಜಾ ಬರಂಗಿಲ್ಲ, ಆದ್ರೂ ನೋಡೇನಿ" ಎಂದು ಒಪ್ಪಿಕೊಂಡಿರುತ್ತಾರೆ.

ಆದ್ದರಿಂದ ಈ ಕೆಳಗಿನ ನಿಯಮಗಳನ್ನು ತಕ್ಷಣದಿಂದ ಜಾರಿಗೆ ತರಲಾಗಿದೆ:

೧. ಕೇಬಲ್ ಸಂಪರ್ಕವನ್ನು ತೆಗೆಯತಕ್ಕದ್ದಲ್ಲ. ಸದರಿ ತಂತಿಯು ಮಾಳಿಗೆಯ ಮೇಲೆ ಎರಡೂ ಮನೆಗಳ ದುಪ್ಪಟಿಗಳನ್ನು ಹೊತ್ತಿರುತ್ತದೆ. ಇಂಟರ್ನೆಟ್ಟಿನ ಮೇಲೆ ದುಪ್ಪಟಿ ಒಣಹಾಕಲು ಬರುತ್ತದೆಂದು ರುದ್ರೇಶ ಅವರು ಸಾಬೀತುಪಡಿಸಿದಲ್ಲಿ ಈ ನಿಯಮವನ್ನು ಮರುಪರಿಶೀಲಿಸಲಾಗುವುದು.

೨. ಕಡ್ಡಿಯನ್ನೂ ಕೀಳತಕ್ಕದ್ದಲ್ಲ. ಮಗ ತಂದದ್ದು.

೩. ಪುಕ್ಕಟೆ ತಿಂಗಳು ಮುಗಿದ ನಂತರ, ಜಾಹೀರಾತು ಇಲ್ಲದ ಯೋಜನೆಯನ್ನು ಯಾವುದೇ ಕಾರಣಕ್ಕೂ ಆಯ್ದುಕೊಳ್ಳತಕ್ಕದ್ದಲ್ಲ. ಜಾಹೀರಾತು ಇಲ್ಲದಿದ್ದರೆ ಎಲೆ ಮಡಿಚಲು, ಓಣಿಯ ಸುದ್ದಿಗೆ ಮತ್ತು ಮೊಣಕಾಲಿಗೆ ಸಮಯಾವಕಾಶ ಇರುವುದಿಲ್ಲ. ಜಾಹೀರಾತುಗಳು ಬೇಗ ಮುಗಿದುಹೋಗುತ್ತಿವೆ ಎಂಬ ದೂರು ಇದ್ದಲ್ಲಿ ಲಿಖಿತವಾಗಿ ಸಲ್ಲಿಸಬಹುದು.

೪. ಧಾರಾವಾಹಿಯನ್ನು ಯಾವಾಗ ಬೇಕಾದರೂ ನೋಡಲು ಸಾಧ್ಯವಿದ್ದಾಗ್ಯೂ, ಅದು ಏಳೂವರೆಗೆ ಮಾತ್ರ ಬರುತ್ತದೆಂದು ಭಾವಿಸತಕ್ಕದ್ದು. ಇಬ್ಬರಲ್ಲಿ ಒಬ್ಬರು ಬಾರದಿದ್ದಲ್ಲಿ ಏಳೂವರೆ ಇನ್ನೂ ಆಗಿಲ್ಲವೆಂದು ಭಾವಿಸತಕ್ಕದ್ದು. ಗೋಡೆ ಗಡಿಯಾರದ ಆಕ್ಷೇಪಣೆಗಳನ್ನು ಪರಿಗಣಿಸಲಾಗುವುದಿಲ್ಲ.

೫. ನಾಳೆಯ ಕಂತನ್ನು ಇಂದು ನೋಡುವುದನ್ನು ನಿಷೇಧಿಸಲಾಗಿದೆ.

೬. ನಿಯಮ ೫ನ್ನು ಯಾರೂ ಪಾಲಿಸುವುದಿಲ್ಲವೆಂಬುದು ಇಲಾಖೆಗೆ ತಿಳಿದಿರುವುದರಿಂದ, ಮುಂಚಿತವಾಗಿ ನೋಡಿದವರು ಸಂಜೆ ಪಾಲಿಸಬೇಕಾದ ಮುಖಭಾವದ ಬಗ್ಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

(ಅ) ಕಪಾಳಕ್ಕೆ ಹೊಡೆತ ಬೀಳುವ ಮೊದಲೇ ಲೊಚಗುಟ್ಟತಕ್ಕದ್ದಲ್ಲ. ಹೊಡೆತ ಬಿದ್ದು, ಅದನ್ನು ಮೂರು ದಿಕ್ಕಿನಿಂದ ತೋರಿಸಿ ಮುಗಿದ ಮೇಲೆ ಲೊಚಗುಟ್ಟುವುದು.

(ಆ) ಒಳ್ಳೆಯವರೆಂದು ಹೆಸರಾದವರು ಕೊಡುವ ಹಾಲು, ಪಾಯಸ, ಸರಬತ್ತುಗಳನ್ನು ಅನುಮಾನದಿಂದ ನೋಡತಕ್ಕದ್ದಲ್ಲ. ಅವರು ಕೆಟ್ಟವರಾಗುವವರೆಗೆ ಒಳ್ಳೆಯವರಾಗಿಯೇ ಇರಲು ಅವಕಾಶ ಕೊಡುವುದು.

(ಇ) ಸತ್ತವನು ಸತ್ತಿಲ್ಲವೆಂದು ಗೊತ್ತಿದ್ದರೂ ಮೂರು ದಿನ ದುಃಖಿಸುವುದು.

೭. ಟಿವಿಗೆ ಬುದ್ಧಿ ಹೇಳುವ ಹಕ್ಕು ಇಬ್ಬರಿಗೂ ಮೊದಲಿನಂತೆ ಇರುತ್ತದೆ. ಆದರೆ ಬುದ್ಧಿಯು ಅಂದಿನ ಕಂತಿಗೆ ಸಂಬಂಧಿಸಿರಬೇಕು.

೮. ಈ ನಿಯಮಗಳು ಹಾನಗಲ್, ಶಿಗ್ಗಾಂವಿ ಮತ್ತು ಹಿರೇಕೆರೂರು ತಾಲೂಕುಗಳಿಂದ ಬರುವ ಬೀಗರಿಗೂ ಅನ್ವಯಿಸುತ್ತವೆ. ಬೀಗರು ಮುಂದಿನ ಕಥೆ ಹೇಳತೊಡಗಿದಲ್ಲಿ ಅವರ ಬಾಯಿಗೆ ಖಾರಾ ಮಿರ್ಚಿ ಭಜಿ ಕೊಟ್ಟು ಗೌರವಪೂರ್ವಕವಾಗಿ ತಡೆಯುವುದು.

ವಿಶೇಷ ಟಿಪ್ಪಣಿ:

ಈ ಸುತ್ತೋಲೆಯ ಕರಡು ಸಿದ್ಧವಾಗುವಾಗ ಮತ್ತೊಂದು ಅಂಶ ಇಲಾಖೆಯ ಗಮನಕ್ಕೆ ಬಂದಿದೆ. ಒಳ್ಳೆಯ ಚಿಕ್ಕಮ್ಮ ಕೊಟ್ಟ ಹಾಲನ್ನು ಕುಡಿಯಬೇಡವೆಂದು ಯಾರಾದರೂ ಹೇಳಿದರೆ, ಮುಂದಿನ ಕಥೆ ಗೊತ್ತಿಲ್ಲದವರು "ಯಾಕ?" ಎಂದು ಕೇಳುವುದು ವಾಡಿಕೆ. ಹಮೀದುನ್ನೀಸಾ ಅವರು ಹಾಗೆ ಕೇಳಿಲ್ಲ. ನಾಳಿನದು ನೋಡಿದ್ದೀಯೆಂದು ನೇರವಾಗಿ ಹಿಡಿದಿದ್ದಾರೆ. ನಾಳಿನದರಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಹಾಗೆ ಹಿಡಿಯುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಉದ್ಭವಿಸುತ್ತದೆ.

ಪೇಪರು ಓದುತ್ತಿದ್ದ ಪತಿ ಶ್ರೀ ಫಕ್ಕೀರಪ್ಪ ಅವರು ಈ ಪ್ರಶ್ನೆಯನ್ನು ಎತ್ತಿದಾಗ, ಹೊನ್ನವ್ವ ಅವರು ಅಕ್ಕಿಯಲ್ಲಿ ಕಲ್ಲು ಹುಡುಕುವುದನ್ನು ನಿಲ್ಲಿಸಿ, "ಹೌದಲ್ಲರಿ. ಯಾಕ ಅಂತ ಕೇಳ್ಲೇ ಇಲ್ಲ ಆಕಿ" ಎಂದು, ಒಂದು ವಾರದಲ್ಲಿ ಮೊದಲ ಬಾರಿಗೆ ನಕ್ಕಿರುತ್ತಾರೆ. ಎದುರು ಮನೆಯ ಸೊಸೆ ಶ್ರೀಮತಿ ಶಬೀನಾ ಅವರನ್ನು ನೀರು ಹಿಡಿಯುವ ವೇಳೆ ವಿಚಾರಿಸಲಾಗಿ, "ಅತ್ತಿ ದಿನಾ ಎಲಿ ಕಟ್ಟೂವಾಗ ನನ್ನ ಫೋನಿನ್ಯಾಗ ನೋಡ್ತಾರ್ರಿ. ಹೊನ್ನವ್ವರಿಗೆ ಹೇಳಬ್ಯಾಡ ಅಂದಾರ. ನಾ ಹೇಳಿಲ್ಲ ನೋಡ್ರಿ, ನೀವ ಕೇಳಿದ್ರಿ" ಎಂದು ತಿಳಿಸಿರುತ್ತಾರೆ.

ಅಂದರೆ, ಇಬ್ಬರೂ ಕಥೆ ಗೊತ್ತಿದ್ದೇ ಬಂದು, ಕಥೆ ಗೊತ್ತಿಲ್ಲದವರಂತೆ ಅಕ್ಕಪಕ್ಕ ಕುಳಿತಿದ್ದರೆಂಬುದು ದೃಢಪಟ್ಟಿದೆ. ಈ ಅಂಶವನ್ನು ಹಮೀದುನ್ನೀಸಾ ಅವರ ಮುಂದೆ ಎತ್ತತಕ್ಕದ್ದಲ್ಲವೆಂದು ಹೊನ್ನವ್ವ ಅವರು ಖಡಾಖಂಡಿತವಾಗಿ ಸೂಚಿಸಿರುವುದರಿಂದ, ಹಮೀದುನ್ನೀಸಾ ಅವರಿಗೆ ಹೋಗುವ ಪ್ರತಿಯಲ್ಲಿ ಈ ಟಿಪ್ಪಣಿಯನ್ನು ಕೈಬಿಡುವುದು.

(ಸಹಿ ಇದೆ)
ಫಕ್ಕೀರಪ್ಪ
ರಿಮೋಟ್ ಸುಪರ್ದಿ ಅಧಿಕಾರಿ
(ಸೆಲ್ ಹಾಕುವ ಪೂರ್ಣ ಅಧಿಕಾರದೊಂದಿಗೆ, ಚಾನಲ್ ಬದಲಿಸುವ ಅಧಿಕಾರ ಹೊರತುಪಡಿಸಿ)

ಪ್ರತಿಗಳು:
೧. ಶ್ರೀ ರುದ್ರೇಶ ಅವರಿಗೆ, ಕಡ್ಡಿಯ ಸೌಲಭ್ಯಗಳ ಪಟ್ಟಿಯಿಂದ "ಕಾಯೂದ ಇಲ್ಲ" ಎಂಬುದನ್ನು ಹೊಡೆದುಹಾಕಲು.
೨. ಶ್ರೀ ದಾದಾಪೀರ ಅವರಿಗೆ, ಕಂಬದಿಂದ ಇಳಿದ ನಂತರ ಓದಿಕೊಳ್ಳಲು.
೩. ಶ್ರೀಮತಿ ಹಾಲವ್ವ ಅವರಿಗೆ, ತಡಸದ ಬೀಗರಿಗೆ ಇದನ್ನು ತೋರಿಸಬಾರದೆಂಬ ಕೋರಿಕೆಯೊಂದಿಗೆ. ತೋರಿಸುತ್ತಾರೆಂಬುದು ಗೊತ್ತಿದೆ.
೪. ಶ್ರೀಮತಿ ಹಮೀದುನ್ನೀಸಾ ಅವರಿಗೆ, ಖುದ್ದು ಹಾಜರಾತಿಗಾಗಿ. ಎಲೆಯನ್ನು ತಾವೇ ತರುವುದು.
೫. ಕಚೇರಿ ಪ್ರತಿ. ಷರಾ ನೋಡಿ.

ಷರಾ: ನಾಲ್ಕನೇ ಪ್ರತಿಯನ್ನು ಮುಟ್ಟಿಸಲು ಹೊನ್ನವ್ವ ಅವರು ಬೇರೆ ಯಾರನ್ನೂ ಕಳಿಸದೆ ತಾವೇ ಹೋಗಿ, ಅವಸರದಲ್ಲಿ ವಿಶೇಷ ಟಿಪ್ಪಣಿ ಸಮೇತ ಇದ್ದ ಕಚೇರಿ ಪ್ರತಿಯನ್ನೇ ಒಯ್ದಿರುತ್ತಾರೆ. ಹಮೀದುನ್ನೀಸಾ ಅವರು ಅದನ್ನು ಓದದೆ, ಅದರಲ್ಲಿಯೇ ಎಲೆ ಸುತ್ತಿಕೊಂಡು ಎದ್ದು ಬಂದಿರುತ್ತಾರೆ. ಹೀಗಾಗಿ ಕಚೇರಿ ಪ್ರತಿ ಲಭ್ಯವಿಲ್ಲ. ಹೊಸ್ತಿಲಲ್ಲಿ ಅವರು, "ಆ ಹುಡುಗಿ ಹಾಲು ಕುಡದ್ಲೇನ ಹೊನ್ನಕ್ಕ?" ಎಂದು ಕೇಳಿದ್ದು, "ನನಗೇನ ಗೊತ್ತು? ನೀ ಬಂದ ಮ್ಯಾಲೆ ನೋಡೂಣಂತ ಟಿವಿನ ಹಚ್ಚಿಲ್ಲ" ಎಂದು ಹೊನ್ನವ್ವ ಅವರು ಉತ್ತರಿಸಿರುತ್ತಾರೆ. ಪ್ರಶ್ನೆ, ಉತ್ತರ ಎರಡೂ ಸುಳ್ಳೆಂದು ಇಲಾಖೆಗೆ ತಿಳಿದಿದೆ. ಯಾವುದೇ ಕ್ರಮ ಜರುಗಿಸುವ ಅಗತ್ಯ ಕಂಡುಬಂದಿಲ್ಲ. ಏಳೂವರೆ ಆಗಿರುತ್ತದೆ.